ಯಾರದೋ ನಾಯಕ, ನಮ್ಮ ನೋಟ್‌ಬುಕ್ಕು

ದಸರಾ ರಜೆಗೆ ಬಂದಿದ್ದ ನನ್ನ ತಮ್ಮನ ಮಗಳು ವಾಪಸು ಬಸ್ಸು ಹತ್ತುವ ಮುಂಚೆ ಇನ್ನೂರು ಪುಟದ ಒಂದು ನೋಟ್‌ಬುಕ್ಕನ್ನು ನನ್ನ ಕೈಗೆ ತುರುಕಿ, "ಅತ್ತೇ, ಓದಿ. ಅಪ್ಪನಿಗೆ ಮಾತ್ರ ತೋರಿಸಬೇಡಿ" ಎಂದಳು. ಪ್ರೇಮದ ವಿಷಯವೇನಾದರೂ ಇರಬಹುದೆಂದು ನನ್ನ ಎದೆ ಧಸಕ್ಕೆಂದಿತು. ಮನೆಗೆ ಬಂದವಳೇ ಬೇಳೆ ಬೇಯಲಿಟ್ಟು, ಕನ್ನಡಕ ಏರಿಸಿ ಬಿಡಿಸಿದರೆ, ಪುಟಪುಟದಲ್ಲೂ ಜೇಸನ್ ಟಾಡ್ ಎಂಬೊಬ್ಬನ ಕಥೆಗಳು. ಸಿದ್ದಾಪುರದಲ್ಲಾಗಲಿ, ಮೊಳಕಾಲ್ಮೂರಿನಲ್ಲಾಗಲಿ ಆ ಹೆಸರಿನವರು ಇಲ್ಲವಾದ್ದರಿಂದ ಸದ್ಯಕ್ಕೆ ಸಮಾಧಾನವಾಯಿತು.

ಯಾರಿವನು ಎಂದು ಫೋನಿನಲ್ಲಿ ಕೇಳಿದಾಗ ಹುಡುಗಿ ಒಂದು ಗಂಟೆ ಮಾತಾಡಿದಳು. ಅಮೆರಿಕದ ಬ್ಯಾಟ್‌ಮನ್ ಚಿತ್ರಕಥೆಗಳಲ್ಲಿ ಬ್ಯಾಟ್‌ಮನ್‌ಗೆ ರಾಬಿನ್ ಎಂಬ ಸಹಾಯಕನಿರುತ್ತಾನಷ್ಟೆ. ಆ ಹೆಸರು ಹೊತ್ತ ಎರಡನೆಯ ಹುಡುಗ ಈ ಜೇಸನ್. 1987ರಲ್ಲಿ ಅವನ ಹುಟ್ಟಿನ ಕಥೆಯನ್ನು ಹೊಸದಾಗಿ ಬರೆದಾಗ ಅವನು ಬೀದಿ ಹುಡುಗನಾದ. ಬ್ಯಾಟ್‌ಮನ್ನನ ಕಾರಿನ ಚಕ್ರಗಳನ್ನೇ ಕದಿಯಲು ಹೋಗಿ ಸಿಕ್ಕಿಬಿದ್ದವನು. ಮುಂಗೋಪಿ, ಮಾತು ಕೇಳದವನು. ಬಹಳ ಓದುಗರಿಗೆ ಅವನು ಹಿಡಿಸಲಿಲ್ಲ. 1988ರಲ್ಲಿ ಪ್ರಕಾಶಕರು ಒಂದು ವಿಚಿತ್ರ ಕೆಲಸ ಮಾಡಿದರು. ಹುಡುಗ ಬದುಕಬೇಕೋ ಸಾಯಬೇಕೋ ಎಂಬುದನ್ನು ಓದುಗರೇ ಫೋನ್ ಮಾಡಿ ಹೇಳಿ ಎಂದರು. ಸಾಯಲಿ ಎಂದವರು 5,343; ಬದುಕಲಿ ಎಂದವರು 5,271. ಎಪ್ಪತ್ತೆರಡೇ ಮತಗಳ ಅಂತರದಲ್ಲಿ ಹುಡುಗ ಸತ್ತ. 2005ರಲ್ಲಿ ಕಥೆಗಾರರು ಅವನನ್ನು ಬದುಕಿಸಿ ತಂದರು. ಆದರೆ ಬಂದವನು ರಾಬಿನ್ ಆಗಿರಲಿಲ್ಲ. ರೆಡ್ ಹುಡ್ ಎಂಬ ಹೆಸರಿನ, ಕೆಟ್ಟವರನ್ನು ಕೊಲ್ಲಲು ಹಿಂಜರಿಯದ ಗಂಡಸಾಗಿದ್ದ. ಅವನಿಗೆ ಸಾಕಿದವನ ಮೇಲೆ ಒಂದೇ ಸಿಟ್ಟು: ನನ್ನನ್ನು ಕೊಂದವನು ಇನ್ನೂ ಯಾಕೆ ಬದುಕಿದ್ದಾನೆ?

ಇಂಥವನನ್ನು ಹಿಡಿದು ತಮ್ಮ ಕಥೆ ತಾವು ಬರೆದುಕೊಳ್ಳುವ ಹೆಣ್ಣುಮಕ್ಕಳು ಲೋಕದ ತುಂಬ ಇದ್ದಾರಂತೆ. ಇದಕ್ಕೆ ಫ್ಯಾನ್ ಫಿಕ್ಷನ್ ಎನ್ನುತ್ತಾರೆ. ಹೊಸದೇನಲ್ಲ. 1967ರಲ್ಲೇ ಅಮೆರಿಕದ ಇಬ್ಬರು ಹೆಂಗಸರು ಸ್ಟಾರ್ ಟ್ರೆಕ್ ಎಂಬ ಟೀವಿ ಕಥೆಯ ಅಭಿಮಾನಿಗಳ ಬರಹಗಳನ್ನು ಸೇರಿಸಿ ಒಂದು ಪತ್ರಿಕೆ ಹೊರಡಿಸಿದ್ದರು. ದುಡ್ಡಿಗಲ್ಲ, ಹೆಸರಿಗಲ್ಲ, ಕಥೆ ಅಲ್ಲಿಗೇ ಮುಗಿಯಿತಲ್ಲ ಎಂಬ ಸಂಕಟಕ್ಕೆ.

ಮೊದಲು ನನಗೆ ಇದು ಕಾಪಿ ಹೊಡೆಯುವ ಕೆಲಸವೆನ್ನಿಸಿತು. ಸ್ವಂತದ್ದು ಬರೆಯಬಾರದೇ ಎಂದೂ ಅಂದೆ. ಆಮೇಲೆ ನಾಚಿಕೆಯಾಯಿತು. ನಮ್ಮ ರನ್ನ ಮಾಡಿದ್ದೇನು? ವ್ಯಾಸರ ಕಥೆಯನ್ನೇ ತಿರುಗಿ ಬರೆದ. ಹೆಸರಿಗೆ ಭೀಮನ ವಿಜಯವಾದರೂ, ರಣರಂಗದ ಹೆಣಗಳ ನಡುವೆ ತನ್ನವರಿಗಾಗಿ ಅಳುತ್ತಾ ನಡೆಯುವ ದುರ್ಯೋಧನನ ಮೇಲೆಯೇ ಓದಿದವರ ಮನಸ್ಸು ನಿಲ್ಲುತ್ತದೆ. ನಾಗಚಂದ್ರ ರಾವಣನಿಗೆ ಪಶ್ಚಾತ್ತಾಪ ಕೊಟ್ಟ. ಕುವೆಂಪು ಅವನನ್ನು ಇನ್ನೂ ಮುಂದಕ್ಕೆ ಕರೆದೊಯ್ದರು. ಇಷ್ಟೇಕೆ, ನಮ್ಮೂರ ಬಂಡೆಗಳ ಮೇಲಿನ ಅಶೋಕನ ಶಾಸನವನ್ನೇ ನೋಡಿ. ಬಿ. ಎಲ್. ರೈಸ್ 1892ರಲ್ಲಿ ಸಿದ್ದಾಪುರ, ಬ್ರಹ್ಮಗಿರಿ, ಜಟಿಂಗ ರಾಮೇಶ್ವರಗಳಲ್ಲಿ ಪತ್ತೆ ಮಾಡಿದ ಶಾಸನಗಳವು. ಮಾತು ಚಕ್ರವರ್ತಿಯದು. ಆದರೆ ಕೊನೆಯಲ್ಲಿ ಚಪಡ ಎಂಬ ಬರಹಗಾರ ತನ್ನ ಹೆಸರನ್ನೂ ಸೇರಿಸಿದ್ದಾನೆ; ಲಿಪಿಕಾರನೆಂಬ ಮಾತನ್ನು ಈ ಸೀಮೆಯಲ್ಲಿ ಯಾರಿಗೂ ಓದಲು ಬಾರದ ವಾಯವ್ಯ ದೇಶದ ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ಇನ್ನೊಬ್ಬರ ಮಾತನ್ನು ಬರೆಯುವವನಿಗೂ ನಾನಿಲ್ಲಿದ್ದೆ ಎಂದು ಹೇಳುವ ಆಸೆ ಇರುತ್ತದೆ.

ಆದ್ದರಿಂದ ಇನ್ನೊಬ್ಬರ ನಾಯಕನನ್ನು ಎತ್ತಿಕೊಂಡಳೆಂದು ನಾನು ಹುಡುಗಿಯನ್ನು ದೂರುವುದಿಲ್ಲ. ಎತ್ತಿಕೊಂಡು ಏನು ಮಾಡಿದಳು ಎನ್ನುವುದೇ ನೋಡಬೇಕಾದ್ದು.

ನೋಟ್‌ಬುಕ್ಕಿನ ಮೊದಲನೆಯದು ನಲವತ್ತು ಪುಟದ ಕಥೆ. ಮಳೆಯ ರಾತ್ರಿ ಗಾಯಗೊಂಡ ಜೇಸನ್ ಒಬ್ಬ ಹುಡುಗಿಯ ಮನೆಯ ಬಾಗಿಲು ಬಡಿಯುತ್ತಾನೆ. ಅವಳು ಗಾಯ ತೊಳೆಯುತ್ತಾಳೆ, ಗಂಜಿ ಕುಡಿಸುತ್ತಾಳೆ. ಅವನು ತಟ್ಟೆ ಎಸೆದರೂ, ಬೈದರೂ ಸಹಿಸುತ್ತಾಳೆ. ಕೊನೆಗೆ ಅವನು ಅವಳ ಮಡಿಲಲ್ಲಿ ಅತ್ತು ಒಳ್ಳೆಯವನಾಗುತ್ತಾನೆ. ಭಾಷೆ ಚೆನ್ನಾಗಿದೆ, ಓದುತ್ತಾ ನನ್ನ ಕಣ್ಣೂ ಒದ್ದೆಯಾಯಿತು. ಬೇಳೆ ತಳ ಹತ್ತಿದ್ದೂ ಗೊತ್ತಾಗಲಿಲ್ಲ.

ಎರಡನೆಯದು ಆರೇ ಪುಟ. ಮೂಲದಲ್ಲಿ ಜೇಸನ್ ತನ್ನನ್ನು ಹೆತ್ತ ತಾಯಿಯನ್ನು ಹುಡುಕಿಕೊಂಡು ಹೋಗುತ್ತಾನೆ. ಅವಳು ತನ್ನ ತಪ್ಪು ಮುಚ್ಚಿಕೊಳ್ಳಲು ಮಗನನ್ನೇ ಜೋಕರ್ ಕೈಗೆ ಒಪ್ಪಿಸುತ್ತಾಳೆ. ಅವನು ಮಗನನ್ನು ಬಡಿಯುವಾಗ ಸಿಗರೇಟು ಹಚ್ಚಿ ಮುಖ ಆಚೆ ತಿರುಗಿಸಿಕೊಳ್ಳುತ್ತಾಳೆ. ಅಷ್ಟಾದರೂ ಹುಡುಗ ಸಾಯುವ ಮುಂಚೆ ಅವಳನ್ನು ಉಳಿಸಲು ನೋಡುತ್ತಾನೆ. ನಮ್ಮ ಹುಡುಗಿ ಆ ತಾಯಿಯ ಬೆನ್ನಿನ ಹಿಂದೆ ನಿಂತು ಬರೆದಿದ್ದಾಳೆ. ಒಂದೊಂದು ಏಟಿನ ಸದ್ದಿಗೂ ಆ ಹೆಂಗಸು ತನಗೆ ತಾನೇ ಒಂದೊಂದು ಕಾರಣ ಹೇಳಿಕೊಳ್ಳುತ್ತಾಳೆ. ಕಾರಣಗಳೆಲ್ಲ ನಿಜವೇ. ಕಥೆ ಅವಳನ್ನು ಬೈಯುವುದಿಲ್ಲ, ಕ್ಷಮಿಸುವುದೂ ಇಲ್ಲ. ಇದನ್ನು ಓದಿ ಅಳು ಬರಲಿಲ್ಲ. ನೋಟ್‌ಬುಕ್ಕು ಮುಚ್ಚಿ ಹಿತ್ತಿಲಿಗೆ ಹೋಗಿ ಸುಮ್ಮನೆ ಕೂತೆ.

ಯಾಕೆಂದರೆ ಆ ಬೆನ್ನು ನನ್ನದೂ ಹೌದು.

ಇದೇ ಹುಡುಗಿ ಏಳು ವರ್ಷದವಳಿದ್ದಾಗ ಅವಳ ತಾಯಿ ಮುರಿದ ಕೈಯಲ್ಲಿ ತವರಿಗೆ ಹೋಗಿದ್ದಳು. ವಾಪಸು ಕರೆತರಲು ಹೋದವಳು ನಾನು. ಅವರ ಮನೆಯ ಜಗಲಿಯ ಮೇಲೆ ಕೂತು ನನ್ನ ತಮ್ಮನ ಕಥೆ ಹೇಳಿದೆ. ಅಪ್ಪ ಸತ್ತಾಗ ಅವನು ಎಷ್ಟು ಚಿಕ್ಕವನು, ಓದು ಹೇಗೆ ನಿಂತಿತು, ಶೇಂಗಾ ಬೆಳೆ ಮೂರು ವರ್ಷ ಹೇಗೆ ಕೈಕೊಟ್ಟಿತು, ಸಾಲಗಾರರು ಏನೆಂದರು. ಅವನ ಮನಸ್ಸು ಬೆಣ್ಣೆ, ಮುಂಗೋಪ ಒಂದೇ ಎಂದೆ. ಹೇಳುತ್ತಾ ನಾನೂ ಅತ್ತೆ, ಅವರನ್ನೂ ಅಳಿಸಿದೆ. ಒಂದೂ ಸುಳ್ಳಲ್ಲ. ಆದರೆ ಅಷ್ಟುದ್ದದ ಕಥೆಯಲ್ಲಿ ಮುರಿದ ಕೈಯ ಮಾತು ಒಂದು ಸಲವೂ ಬರಲಿಲ್ಲ. ಅವಳು ನನ್ನ ಜೊತೆ ಬಂದಳು. ಆ ಮಣಿಕಟ್ಟು ಇವತ್ತಿಗೂ ನೆಟ್ಟಗೆ ತಿರುಗುವುದಿಲ್ಲ. ಬಿಂದಿಗೆ ಎತ್ತುವಾಗಲೆಲ್ಲ ನೋಡುತ್ತೇನೆ.

ನೊಂದ ಗಂಡಸಿನ ಕಥೆ ಹೇಳುವುದರಲ್ಲಿ ನಾವು ಹೆಂಗಸರು ಬಹಳ ನಿಪುಣರು. ತಾಯಿಯಾಗಿ, ಅಕ್ಕನಾಗಿ, ಹೆಂಡತಿಯಾಗಿ ಅದನ್ನೇ ತಾನೆ ಹೇಳಿಕೊಂಡು ಬಂದಿರುವುದು. ಅವನೊಳಗೊಂದು ಮಗುವಿದೆ, ಪ್ರೀತಿ ಸಿಕ್ಕರೆ ಸರಿಹೋಗುತ್ತಾನೆ. ನಮ್ಮ ಹುಡುಗಿಯರಿಗೆ ಜೇಸನ್‌ನಂಥವನು ಯಾಕೆ ಅಷ್ಟು ಹಿಡಿಸುತ್ತಾನೆಂದು ನನಗೀಗ ಅರ್ಥವಾಗುತ್ತದೆ. ಅವನಿಗೆ ನಿಜವಾಗಿಯೂ ಅನ್ಯಾಯವಾಗಿದೆ. ಅದನ್ನು ಕಾಣುವ ಕಣ್ಣು ಒಳ್ಳೆಯದೇ. ಸಾಯಲಿ ಎಂದು ಫೋನ್ ಮಾಡಿದ ಐದು ಸಾವಿರ ಜನಕ್ಕೆ ಆ ಕಣ್ಣು ಇರಲಿಲ್ಲ. ಆದರೆ ಅವನ ಗಾಯವನ್ನು ಕಂಡ ಕಣ್ಣಿಗೆ ಅವನು ಮಾಡಿದ ಗಾಯ ಕಾಣದೆ ಹೋದರೆ, ಆ ಕಥೆ ಎಷ್ಟು ಚೆನ್ನಾಗಿದ್ದರೂ ನನ್ನ ಜಗಲಿಯ ಕಥೆಯೇ.

ನಾಗಚಂದ್ರ ಈ ವಿಷಯದಲ್ಲಿ ಬಹಳ ಎಚ್ಚರದ ಕವಿ. ರಾಮನ ಪ್ರಾಣಕ್ಕಾಗಿ ಬೇಡಿ ಮೂರ್ಛೆ ಹೋದ ಸೀತೆಯನ್ನು ಕಂಡು ಅವನ ರಾವಣನ ಮನಸ್ಸು ತಿರುಗುತ್ತದೆ. ತಪ್ಪು ಮಾಡಿದೆನೆಂದು ಒಪ್ಪುತ್ತಾನೆ. ಹಾಗಾದರೆ ಅಂದೇ ಕಳಿಸಿಕೊಡಬೇಕಿತ್ತಲ್ಲ? ಇಲ್ಲ. ಯುದ್ಧದಲ್ಲಿ ಗೆದ್ದ ಮೇಲೆ ಒಪ್ಪಿಸುತ್ತೇನೆ, ಈಗಲೇ ಕೊಟ್ಟರೆ ಹೆದರಿದನೆಂದಾರು ಎನ್ನುತ್ತಾನೆ. ಪಶ್ಚಾತ್ತಾಪ ನಿಜ, ಜಂಬವೂ ನಿಜ. ಸೀತೆ ಮಾತ್ರ ಅಲ್ಲೇ ಕೂತಿರಬೇಕು. ಕವಿ ರಾವಣನನ್ನು ಮರುಗಿ ಬರೆದ, ಆದರೆ ತೊಳೆದು ಬಿಳಿ ಮಾಡಲಿಲ್ಲ. ನಮ್ಮ ಪಕ್ಕದ ಜಟಿಂಗ ರಾಮೇಶ್ವರದ ಬೆಟ್ಟದಲ್ಲೇ ಜಟಾಯು ರಾವಣನೊಡನೆ ಹೋರಾಡಿ ಬಿದ್ದನೆಂದು ಹಿಂದಿನಿಂದ ಹೇಳುತ್ತಾರೆ. ರಾವಣನ ಪರವಾಗಿ ಎಷ್ಟೇ ಬರೆಯಲಿ, ಆ ಕಡಿದ ರೆಕ್ಕೆಯ ಲೆಕ್ಕವನ್ನು ಯಾರಾದರೂ ಇಡಬೇಕಲ್ಲ!

ನೋಟ್‌ಬುಕ್ಕನ್ನು ಹಿಂದಿರುಗಿಸುವಾಗ ಎರಡನೆಯ ಕಥೆಗೆ ನಾನು ಒಂದಕ್ಷರವನ್ನೂ ಸೇರಿಸಲಿಲ್ಲ. ಮೊದಲನೆಯದರ ಕೊನೆಗೆ ಪೆನ್ಸಿಲ್ಲಿನಲ್ಲಿ ಒಂದೇ ಸಾಲು ಬರೆದೆ: "ಗಂಜಿ ಕುಡಿಸುವ ಹುಡುಗಿಗೆ ನಲವತ್ತು ಪುಟದಲ್ಲಿ ಒಂದು ಹೆಸರೂ ಇಲ್ಲವಲ್ಲ, ಮಗಳೇ?"

ತಿಂಗಳಾದ ಮೇಲೆ ಅವಳ ಫೋನ್ ಬಂತು. ದನಿಯಲ್ಲಿ ಪೇಚಾಟ.

"ಅತ್ತೇ, ಅವಳಿಗೆ ಹೆಸರಿಟ್ಟೆ. ಹೆಸರಿಟ್ಟಾಗಿನಿಂದ ಅವಳು ಬಾಗಿಲೇ ತೆಗೀತಿಲ್ಲ. ಅವನು ಮಳೆಯಲ್ಲೇ ನಿಂತಿದ್ದಾನೆ. ಏನು ಮಾಡಲಿ?"

"ನಿಂತಿರಲಿ ಬಿಡು" ಎಂದೆ. "ಅವಳು ಒಳಗೇನು ಮಾಡ್ತಿದಾಳೆ, ಅದನ್ನು ಬರಿ."