ಯಶೋಧರಚರಿತೆಯ ಹಿಟ್ಟಿನ ಕೋಳಿ

ಮರಣ, ವ್ಯಾಮೋಹ, ಭೂತಾವೇಶ ಇವುಗಳನ್ನು ಹೆಣೆದು ಭಯವನ್ನು ಹುಟ್ಟಿಸುವ ಕಥೆಗಳಿಗೆ ಇಂಗ್ಲಿಷಿನಲ್ಲಿ ಗಾಥಿಕ್ ಕಥೆಗಳೆಂದು ಹೆಸರು. 1764ರಲ್ಲಿ ಹೊರೇಸ್ ವಾಲ್ಪೋಲನಿಂದ ಮೊದಲಾದ ಈ ಮಾರ್ಗವು ಅಮೆರಿಕದ ಎಡ್ಗರ್ ಅಲನ್ ಪೋ ಎಂಬವನ ಸಣ್ಣಕಥೆಗಳಲ್ಲಿ ಪರಿಪಾಕವನ್ನು ಪಡೆಯಿತು. ಇಂತಹ ವಸ್ತುವು ಕನ್ನಡಕ್ಕೆ ಹೊಸದೆನ್ನುವವರು ಜನ್ನನು 1209ರಲ್ಲಿ ರಚಿಸಿದ ಯಶೋಧರಚರಿತೆಯನ್ನು ಮರೆತವರು. ನಾಲ್ಕೇ ಅವತಾರಗಳ ಈ ಕಿರುಗಾವ್ಯದಲ್ಲಿ ಆ ಮೂರೂ ಉಂಟು.

ಕಥೆ ಮೊದಲಾಗುವುದು ಚಂಡಮಾರಿಯ ಗುಡಿಯಲ್ಲಿ. ನಮ್ಮ ಹೊಸದುರ್ಗದ ಸೀಮೆಯಲ್ಲಿ ಮಾರಿಹಬ್ಬವನ್ನು ಕಂಡವರಿಗೆ ಆ ಸ್ಥಳದ ಭಯವನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಲಿಗೆಂದು ತಂದ ಅಭಯರುಚಿಯು ಮಾರಿದತ್ತರಾಜನಿಗೆ ತನ್ನ ಹಿಂದಣ ಜನ್ಮಗಳನ್ನು ಹೇಳುವನು. ಯಶೋಧರನ ರಾಣಿ ಅಮೃತಮತಿಯು ಇರುಳಿನಲ್ಲಿ ಕೇಳಿದ ಹಾಡಿಗೆ ಮನಸೋತು ವಿಕೃತಾಂಗನಾದ ಮಾವಟಿಗನನ್ನು ಕೂಡುವಳು. ಅವನು ಹೊಡೆದರೂ ಬಿಡಳು. ಅದನ್ನು ಕಂಡ ರಾಜನು ನಿಜವನ್ನು ಮುಚ್ಚಿ, ತಾಯಿಗೆ ಕನಸಿನ ನೆವವನ್ನು ಹೇಳುವನು. ದುಃಸ್ವಪ್ನಶಾಂತಿಗೆ ತಾಯಿಯು ಬಲಿಯನ್ನು ವಿಧಿಸಲು, ಪ್ರಾಣಿವಧೆಗೆ ಒಡಂಬಡದೆ ಹಿಟ್ಟಿನ ಕೋಳಿಯೊಂದನ್ನು ಕಡಿಯುವನು. ಕಡಿದೊಡನೆ ಅದು ಕೂಗುವುದು.

ಈ ಕೂಗೇ ಕಾವ್ಯದ ಮರ್ಮವೆಂದು ನನ್ನ ಅಭಿಪ್ರಾಯ. ಬೆಂತರವೊಂದು ಕೋಳಿಯನ್ನು ಹೊಕ್ಕಿತ್ತೆಂದು ಕವಿಯೇ ಹೇಳಿರುವುದರಿಂದ ಇದು ಬರಿಯ ಅದ್ಭುತವೆಂದು ಕೆಲವರು ಆಕ್ಷೇಪಿಸಬಹುದು. ಅದು ಯುಕ್ತವಲ್ಲ. ಬೆಂತರವು ನಿಮಿತ್ತಮಾತ್ರ, ರಾಜನ ಸಂಕಲ್ಪವೇ ಉಪಾದಾನ. ಹಿಟ್ಟನ್ನು ಕೋಳಿಯೆಂದು ಭಾವಿಸಿ ಕತ್ತಿಯನ್ನೆತ್ತಿದವನಿಗೆ ಅದು ಕೋಳಿಯೇ ಆಯಿತು. ಜೈನಶಾಸ್ತ್ರದಲ್ಲಿ ಭಾವಹಿಂಸೆಯೆಂಬುದು ಇದೇ.

1843ರಲ್ಲಿ ಪೋ ಬರೆದ ಕರಿಯ ಬೆಕ್ಕಿನ ಕಥೆಯಲ್ಲಿಯೂ ಹೆಂಡತಿಯನ್ನು ಕೊಂದು ಗೋಡೆಯಲ್ಲಿ ಹುದುಗಿಸಿದವನನ್ನು ಬೆಕ್ಕಿನ ಕೂಗೇ ಹಿಡಿದುಕೊಡುವುದು. ಆದರೆ ಅಲ್ಲಿ ಗಲ್ಲಿನೊಡನೆ ಎಲ್ಲವೂ ತೀರುವುದು. ಜನ್ನನಲ್ಲಿ ಮರಣವೂ ಬಿಡುಗಡೆಯಲ್ಲ. ಅಮೃತಮತಿಯಿಟ್ಟ ವಿಷದಿಂದ ಸತ್ತ ತಾಯಿಮಕ್ಕಳು ನವಿಲು, ನಾಯಿ ಮೊದಲಾದ ಜನ್ಮಗಳಲ್ಲಿ ಮತ್ತೆ ಮತ್ತೆ ಕೊಲೆಗೀಡಾಗುವರು. ಭಯಾನಕಕ್ಕೆ ಶಾಂತವಲ್ಲದೆ ಬೇರೆ ದಾರಿಯಿಲ್ಲವೆಂಬುದನ್ನು ಕವಿ ಹೀಗೆ ತೋರಿಸಿರುವನು.

ದೋಷವಿಲ್ಲವೆಂದಲ್ಲ. ಅಮೃತಮತಿಯ ಮನಸ್ಸನ್ನು ಅಷ್ಟು ಆಳವಾಗಿ ಕಂಡ ಕವಿಯು ಕಡೆಗೆ ಅವಳನ್ನು ನರಕಕ್ಕೆ ಕಳುಹಿಸಿ ಸುಮ್ಮನಾಗುವನು. ಭವಾವಳಿಯ ಪದ್ಯಗಳೂ ಒಮ್ಮೊಮ್ಮೆ ಲೆಕ್ಕದ ಪಟ್ಟಿಯಂತೆ ಓಡುವುವು. ಆದರೂ ಪಾಠಹೇಳುವವರು ಮಾವಟಿಗನ ಪ್ರಸಂಗವೊಂದನ್ನೇ ಆರಿಸಿ ಕೋಳಿಯ ಪ್ರಸಂಗವನ್ನು ಬಿಟ್ಟರೆ, ಉಳಿಯುವುದು ಒಬ್ಬ ಹೆಂಗಸಿನ ಜಾರತ್ವದ ಕಥೆ. ಜನ್ನನು ಹೇಳಹೊರಟದ್ದು ಕೊಲ್ಲೆನೆಂದು ನಂಬಿಕೊಂಡೇ ಕೊಂದವನ ಕಥೆಯನ್ನು.