ಆಯಿಲ್ ಸಾಗುವ ದಾರಿ

ಹಳೆಯ ಪೋರ್ಷೆ 911ರ ಎಂಜಿನ್ನನ್ನು ಗಾಳಿಯೇ ತಣಿಸುತ್ತದೆ ಎನ್ನುವುದು ಅರ್ಧ ಸತ್ಯ. 1998ರವರೆಗೂ ಬಂದ ಆ ಕಾರುಗಳಲ್ಲಿ ಫ್ಯಾನು ಸಿಲಿಂಡರುಗಳ ಮೇಲೆ ಗಾಳಿ ಬೀಸುತ್ತದೆ, ನಿಜ. ಆದರೆ ಒಳಗಿನ ಬಿಸಿಯನ್ನು ಹೊತ್ತು ಹೊರತರುವುದರಲ್ಲಿ ಆಯಿಲ್‌ನದು ದೊಡ್ಡ ಪಾಲು.

ಇದು ಡ್ರೈ ಸಂಪ್ ಎಂಜಿನ್. ತಳಕ್ಕಿಳಿದ ಆಯಿಲನ್ನು ಪಂಪು ಕೂಡಲೇ ಹೀರಿ ಬೇರೆಯೇ ಟ್ಯಾಂಕಿಗೆ ಸೇರಿಸುತ್ತದೆ. ಹಾಗಾಗಿ ಟ್ರ್ಯಾಕ್‌ನ ಉದ್ದನೆಯ ತಿರುವಿನಲ್ಲಿ ಆಯಿಲ್ ಒಂದೇ ಪಕ್ಕಕ್ಕೆ ಸರಿದು ಬೇರಿಂಗುಗಳು ಒಣಗುವ ಭಯ ಕಡಿಮೆ. ಬೀದಿಯ ಕಾರಿಗೇ ರೇಸಿನ ಈ ಏರ್ಪಾಡು ಕೊಟ್ಟ ಎಂಜಿನಿಯರುಗಳಿಗೆ ನನ್ನ ನಮನ.

ಕಷ್ಟವಿರುವುದು ಬಿಸಿಯಲ್ಲಿ. ಸತತ ಲ್ಯಾಪುಗಳಲ್ಲಿ ಆಯಿಲ್ 120 ಡಿಗ್ರಿ ಸೆಲ್ಸಿಯಸ್ ದಾಟಿದರೆ ತೆಳುವಾಗಿ ಒತ್ತಡ ಕುಸಿಯುತ್ತದೆ. ಅದಕ್ಕೇ ಬಲ್ಲವರು ಮೊದಲು ಕೈಹಾಕುವುದು ಮುಂದಿನ ಬಲ ಫೆಂಡರಿನೊಳಗಿನ ಕೂಲರಿಗೆ. ಕೆಲವು ವರ್ಷಗಳ ಕಾರುಗಳಲ್ಲಿ ಅಲ್ಲಿದ್ದದ್ದು ಬರೀ ಬಾಗಿಸಿದ ಕೊಳವೆ. ಅದರ ಜಾಗದಲ್ಲಿ ತೆಳು ತಗಡುಗಳ ರೇಡಿಯೇಟರು ಬರುತ್ತದೆ, ಜೊತೆಗೊಂದು ಫ್ಯಾನು. ಗಾಳಿ ಒಳಬರಲು ಬಂಪರಿನಲ್ಲಿ ಕಿಂಡಿ ಕೊರೆದರಷ್ಟೇ ಸಾಲದು, ಬಿಸಿಗಾಳಿ ಹೊರಹೋಗಲೂ ದಾರಿ ಬೇಕು. ಹೆಚ್ಚಿನವರು ಮರೆಯುವುದು ಇದನ್ನೇ.

ಥರ್ಮೋಸ್ಟಾಟನ್ನು ಮಾತ್ರ ಕೀಳಬಾರದು. ತಣ್ಣಗಿನ ಆಯಿಲ್ ಕೂಲರಿನತ್ತ ಹೋಗದಂತೆ ತಡೆದು ಎಂಜಿನ್ ಬೇಗ ಹದಕ್ಕೆ ಬರಲು ಬಿಡುವುದು ಅದೇ. ಅದು ತೆರೆದ ಮೇಲೆ ಆಯಿಲ್ ಕಾರಿನ ಬಲಬದಿಯುದ್ದಕ್ಕೂ ಮುಂದಕ್ಕೆ ಸಾಗಿ ತಣಿದು ಮರಳುತ್ತದೆ. ಹೊಸ ಕೂಲರಿಗೆ ಹೆಚ್ಚು ಆಯಿಲ್ ಬೇಕು. ಮಟ್ಟ ನೋಡುವುದು ಸಮನೆಲದಲ್ಲಿ, ಎಂಜಿನ್ ಬಿಸಿಯಾಗಿ ಓಡುತ್ತಿರುವಾಗಲೇ.