ದುಂಡು ತುದಿಯ ಅಕ್ಷರ

ಅಚ್ಚಿನ ಅಕ್ಷರಕ್ಕೂ ಒಂದು ಸ್ವಭಾವವಿದೆ ಎಂದರೆ ನಗುವವರುಂಟು. ಅಂಥವರು ವಿಎಜಿ ರೌಂಡೆಡ್ ಎಂಬ ಇಂಗ್ಲಿಷ್ ಅಕ್ಷರವನ್ನು ಒಮ್ಮೆ ನೋಡಬೇಕು. ಗೆರೆ ಎಲ್ಲಿ ಮುಗಿದರೂ ಅಲ್ಲಿ ಚೂಪಿಲ್ಲ. ಬರೆದು ಬರೆದು ಸವೆದ ಬಳಪದ ತುದಿಯಂತೆ ದುಂಡಗಿದೆ. ಗೆರೆಯ ದಪ್ಪ ಉದ್ದಕ್ಕೂ ಹೆಚ್ಚುಕಡಿಮೆ ಒಂದೇ. 'ಓ' ಎಂಬುದು ಬಳೆಯಿಟ್ಟು ಎಳೆದಂತೆ. ನೋಡಿದೊಡನೆ ಇದು ಮಕ್ಕಳಿಗಾಗಿಯೇ ಹುಟ್ಟಿದ್ದು ಎನಿಸುತ್ತದೆ.

ಹುಟ್ಟಿದ್ದು ಮಾತ್ರ ಕಾರು ಮಾರುವವರಿಗಾಗಿ. ಜರ್ಮನಿಯ ಫೋಕ್ಸ್‌ವ್ಯಾಗನ್ ಮತ್ತು ಆಡಿ ಕಾರುಗಳ ಮಾರಾಟವನ್ನು ವಿಎಜಿ ಎಂಬ ಒಂದೇ ಹೆಸರಿನಡಿ ತಂದಾಗ ಎರಡಕ್ಕೂ ಸಲ್ಲುವ ಅಕ್ಷರ ಬೇಕಾಯಿತು. 1979ರಲ್ಲಿ ಇದು ಬಂತು. ಫೋಕ್ಸ್‌ವ್ಯಾಗನ್ನಿನ ಜಾಹೀರಾತುಗಳಲ್ಲಿ ಅದಕ್ಕೂ ಮೊದಲು ಮೆರೆದದ್ದು ಪೌಲ್ ರೆನ್ನರ್ ಅವರ ಫ್ಯೂಚುರಾ, 1927ರದು. ಅದೂ ಕೈವಾರ, ಅಡಿಪಟ್ಟಿಗಳ ಶಿಸ್ತಿನದೇ. ಆದರೆ ಮುಖ ಬಿಗಿ. ಅದೇ ಮನೆತನದ ಈ ಕಿರಿಯನದು ನಗುಮುಖ.

ಆ್ಯಪಲ್ ಕಂಪನಿಯ ಕೀಲಿಮಣೆಗಳ ಮೇಲೆ ಹಲವು ವರ್ಷ ಇದೇ ಇತ್ತು. 2015ರಿಂದ ಸ್ಯಾನ್ ಫ್ರಾನ್ಸಿಸ್ಕೋ ಎಂಬ ಬೇರೊಂದು ಅಕ್ಷರ ಆ ಜಾಗಕ್ಕೆ ಬರತೊಡಗಿತು. ನನಗೆ ಹಳೆಯದೇ ಒಪ್ಪಿಗೆ. ಕೀಲಿಯ ಮೇಲೆ ಅಕ್ಷರ ಒಂಟಿಯಾಗಿ ಕೂತಿರುತ್ತದೆ, ಬೆರಳು ಅದನ್ನು ಮುಟ್ಟುತ್ತದೆ. ಅಲ್ಲಿ ಮೊನೆಯಿಲ್ಲದ ಗೆರೆ ಚೆನ್ನ. ಅಂಗಡಿಯ ಫಲಕಕ್ಕೂ ಸರಿ.

ನನ್ನ ತಕರಾರು ಇರುವುದು ಪುಟದ ಬಗ್ಗೆ. ಇಂಥ ಅಕ್ಷರಗಳಲ್ಲಿ ಸಣ್ಣ ಬಿ, ಡಿ, ಪಿ, ಕ್ಯೂಗಳೆಂದರೆ ಒಂದು ಕಡ್ಡಿ, ಒಂದು ಬಳೆ, ಅಷ್ಟೇ. ಒಂದನ್ನೇ ಮಗುಚಿ, ತಿರುಗಿಸಿ ಇಟ್ಟಂತೆ. ದೊಡ್ಡ ಐ, ಸಣ್ಣ ಎಲ್‌ಗಳೂ ಎರಡು ಕಡ್ಡಿಗಳೇ. ಬಿ, ಡಿಗಳನ್ನು ಅದಲುಬದಲು ಮಾಡದ ಮಗುವನ್ನು ಯಾವ ಮೇಷ್ಟ್ರು ಕಂಡಿದ್ದಾರೆ? ಹಾಗಿದ್ದೂ ಮುದ್ದಾಗಿದೆಯೆಂದು ಶಿಶುವಿಹಾರದ ಪುಸ್ತಕಗಳಿಗೆ ಇಂಥದನ್ನೇ ಹುಡುಕುತ್ತಾರೆ. ಅಕ್ಷರ ಕಲಿಯುವ ಮಗುವಿಗೆ ಮೊದಲು ಬೇಕಾದದ್ದು ಇದು ಬೇರೆ, ಅದು ಬೇರೆ ಎಂಬ ಗುರುತು. ಮುದ್ದು ಮಾಡಲು ಪಕ್ಕದಲ್ಲಿ ಮೊಲದ ಚಿತ್ರವಿದೆಯಲ್ಲ!

ಈ ದುಂಡು ತುದಿ ಕನ್ನಡಕ್ಕೂ ಬಂದಿದೆ. ಏಕ್ ಟೈಪ್ ಸಂಸ್ಥೆಯ 'ಬಲೂ ತಮ್ಮ' ಅಂಥದು. ಇದು ವಿಎಜಿಯಷ್ಟು ಕೈವಾರದ ಲೆಕ್ಕಕ್ಕೆ ಬಿದ್ದುದಲ್ಲ, ಕೈಬರಹದ ತುಂಟತನ ಉಳ್ಳದ್ದು. ತಲೆಬರಹದಲ್ಲಿ ನೋಡಲು ಬಲು ಚೆಂದ, ಹೆಸರೂ ಚೆಂದ. ಆದರೆ ನಮ್ಮ ಲಿಪಿ ಮೊದಲೇ ದುಂಡು. ದಕಾರಕ್ಕೂ ಧಕಾರಕ್ಕೂ ಇರುವ ಅಂತರ ಹೊಟ್ಟೆಯ ಕೆಳಗಿನ ಒಂದು ಚಿಕ್ಕ ಸೀಳು. ಡಕಾರ, ಢಕಾರಗಳದೂ ಅದೇ ಕಥೆ. ದಪ್ಪ ಗೆರೆಯ ಯಾವ ಅಕ್ಷರವನ್ನಾದರೂ ಚಿಕ್ಕದು ಮಾಡಿ ಅಗ್ಗದ ಕಾಗದದಲ್ಲಿ ಅಚ್ಚು ಹಾಕಿ, ಮಸಿ ಹರಡಿ ಆ ಸೀಳು ಮುಚ್ಚಿಕೊಳ್ಳುತ್ತದೆ. ಆಮೇಲೆ ದನ ಯಾವುದು, ಧನ ಯಾವುದು ಎಂದು ಮಗು ಊಹಿಸಬೇಕು.

ಶಾಲೆಯ ವಾರ್ಷಿಕೋತ್ಸವದ ಆಹ್ವಾನಪತ್ರಿಕೆಯ ನೆತ್ತಿಯ ಮೇಲೆ ಬಲೂ ತಮ್ಮ ಧಾರಾಳವಾಗಿ ಕೂರಲಿ. ಕೆಳಗೆ ಹಾಡುವ, ಕುಣಿಯುವ ಮಕ್ಕಳ ಹೆಸರುಗಳಿಗೆ ಮಾತ್ರ ತೆಳುವಾದ ಸಾದಾ ಅಕ್ಷರ ಹಾಕಿಸಿ.